ಬಿಟ್ಟೀನಿ ಅಂದ್ಕೊಂಡಿದ್ದ ಗುಳಗಿ: ಸ್ಟೆಂಟ್ ಹಾಕಿಸ್ಕೊಂಡ ಒಬ್ಬ ದಿವಾನಜಿಯವರ ಪ್ರಕರಣ

ಇದು ನಮ್ಮ ಕಡಿ ನಡೆದ ಒಂದು ಪ್ರಕರಣ. ಅವರ ಒಪ್ಪಿಗಿ ತಗೊಂಡ ಬರೀತಿದ್ದೀನಿ, ಹೆಸರು, ಊರು, ದವಾಖಾನಿ, ಗುಳಗಿ ಬ್ರ್ಯಾಂಡ್ ಯಾವುದೂ ಹೇಳಲ್ಲ, ಗುರ್ತು ಸಿಗಬಾರದು ಅಂತ ವಯಸ್ಸು ತಿಂಗಳು ಸ್ವಲ್ಪ ಆಚೆ ಈಚೆ ಮಾಡೀನಿ. ನಾನು ಡಿ.ಫಾರ್ಮ್ ಓದಿ ಮೆಡಿಕಲ್ ಶಾಪ್ ನಡೆಸೋವ, ಡಾಕ್ಟರ್ ಅಲ್ಲ. ಬರಿಯಾಕ ಕಾರಣ ಏನಂದ್ರ, ಕೊಲೆಸ್ಟ್ರಾಲ್ ಗುಳಗಿ ಮ್ಯಾಲಿನ ಅನುಮಾನ ನಮ್ಮ ಕೌಂಟರಿಗೆ ದಿನಾ ಬರ್ತೈತಿ, ಅದಕ್ಕ ಸುತ್ತಮುತ್ತ ಸಿಗೋ ಉತ್ತರ ಎರಡೇ, ಒಂದೋ "ಡಾಕ್ಟ್ರು ಬರದಾರ, ಸುಮ್ನ ನುಂಗ್ರಿ", ಇಲ್ಲಾಂದ್ರ "ಎಲ್ಲಾ ಕಂಪನಿ ದಂಧೆ, ಬಿಟ್ಟಬಿಡ್ರಿ". ಈ ಮನುಷ್ಯನಿಗೆ ಎರಡೂ ಉತ್ತರ ಅಪಾಯ ತಂದ್ವು.

ಹಿನ್ನೆಲಿ

ತುಂಗಭದ್ರಾ ಎಡದಂಡಿ ಕಾಲುವಿ ನೀರಿನ ಊರು, ರಾಯಚೂರು ಜಿಲ್ಲಾದಾಗ. ರೋಗಿಗೆ 58 ವರ್ಷ, ಎಪಿಎಂಸಿ ಯಾರ್ಡಿನ ದಲಾಲಿ ಅಂಗಡ್ಯಾಗ ಬಹಳ ವರ್ಷದಿಂದ ದಿವಾನಜಿ. ಭತ್ತದ ತೂಕದ ಲೆಕ್ಕ, ಹಮಾಲಿ ಲೆಕ್ಕ, ರೈತರಿಗೆ ಕೊಟ್ಟ ಮುಂಗಡದ ಲೆಕ್ಕ ಎಲ್ಲಾ ಅವರ ಕೈಯಾಗ. ಇಲ್ಲಿ ದಿವಾನಜಿಯವರು ಅಂತಾನ ಕರೀತೀನಿ. ಬೀಡಿ ಚಟ ಇತ್ತು, ಬಿಪಿ ಇತ್ತು, ಶುಗರ್ ಇರ್ಲಿಲ್ಲ. ಸುಗ್ಗಿ ಟೈಮಿನಾಗ ಒಂದಿನ ಗಾದಿ ಮ್ಯಾಲೆ ಕುಂತಲ್ಲೇ ಎದಿ ಹಿಡ್ಕೊಂಡ್ರು, ಬಳ್ಳಾರಿಗೆ ಕರ್ಕೊಂಡು ಹೋದ್ರು, ಹಾರ್ಟ್ ಅಟ್ಯಾಕ್ ಅಂದ್ರು, ಆಂಜಿಯೋ ಮಾಡಿ ಒಂದು ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡೋ ಸಣ್ಣ ಜಾಳಿಗಿ) ಹಾಕಿ ಕಳಿಸಿದ್ರು. ಅವತ್ತಿನಿಂದ ಬೀಡಿ ಬಿಟ್ರು.

ಡಿಸ್ಚಾರ್ಜ್ ಚೀಟ್ಯಾಗ ಆರು ಔಷಧಿ ಇದ್ವು: ರಕ್ತ ತೆಳು ಮಾಡೋ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಅಟೋರ್ವಾಸ್ಟಾಟಿನ್ 40 (ಕೊಲೆಸ್ಟ್ರಾಲ್ ಇಳಿಸೋ ಗುಳಗಿ, ಈ ಜಾತಿಗೆ ಸ್ಟಾಟಿನ್ ಅಂತಾರ), ಬಿಪಿಗೆ ಎರಡು, ಹೊಟ್ಟಿಗೆ ಒಂದು. ಇದರಾಗ ಯಾವುದೂ ವಿಚಿತ್ರ ಇಲ್ಲ, ಸ್ಟೆಂಟ್ ಹಾಕಿಸ್ಕೊಂಡವರಿಗೆ ಎಲ್ಲಾ ಕಡಿ ಬರೆಯೋದು ಹೆಚ್ಚುಕಮ್ಮಿ ಇದೇ. ಅಟ್ಯಾಕ್ ಆದಾಗ ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ 148 ಇತ್ತು, ಎರಡು ತಿಂಗಳ ಮ್ಯಾಲೆ ನೋಡಿದ್ರ 74. ಅಲ್ಲಿ ತನಕ ಯಾವ ತಕರಾರೂ ಇಲ್ಲ.

ಮೂರನೇ ತಿಂಗಳಿನಾಗ ಒಂದು ರಾತ್ರಿ ಎದಿ ಉರಿ ಬಂತು. ಪ್ರತಿಸಲ ಬಳ್ಳಾರಿ ಯಾಕ ಅಂತ ಊರಾಗಿನ ಒಂದು ಕ್ಲಿನಿಕ್ಕಿಗೆ ಹೋದ್ರು. ಇಸಿಜಿ ಸರಿ ಇತ್ತು, ಗ್ಯಾಸ್ ಅಂದ್ರು, ಆದ್ರ ಚೀಟ್ಯಾಗ ಹೊಸದಾಗಿ "ಹಾರ್ಟಿಗೆ ಒಂದು ಒಳ್ಳೆ ಕ್ಯಾಪ್ಸೂಲ್" ಬರದ್ರು, ಜೊತಿಗೆ ಮಲ್ಟಿವಿಟಮಿನ್ನು, ಒಂದು ಲಿವರ್ ಸಿರಪ್ಪು, ಒಮೆಗಾ ಕ್ಯಾಪ್ಸೂಲು. ನಾಕೂ ಆ ಕ್ಲಿನಿಕ್ಕಿನ ಬಗಲಿನ ಅಂಗಡ್ಯಾಗ ಮಾತ್ರ ಸಿಗೋ ಬ್ರ್ಯಾಂಡು. ಹಳೇವು ನಿಲ್ಲಿಸ್ರಿ ಅಂತ ಚೀಟ್ಯಾಗ ಎಲ್ಲೂ ಬರದಿರ್ಲಿಲ್ಲ, ಬಾಯಿಲೆ ಹೇಳಿದ್ರೋ ಇಲ್ಲೋ ದಿವಾನಜಿಯವರಿಗೆ ನೆನಪಿಲ್ಲ. ಅವರು ಹಳೇವೂ ನುಂಗಿದ್ರು, ಹೊಸವೂ ನುಂಗಿದ್ರು. ತಿಂಗಳ ಖರ್ಚು ಎರಡರಷ್ಟಾತು.

ತೊಂದರಿ ಶುರುವಾಗಿದ್ದು

ತಿಂಗಳೊಪ್ಪತ್ತಿನಾಗ ಮೀನಗಂಡ, ತೊಡಿ ನೋವು ಶುರು ಆತು. ಗಾದಿ ಮ್ಯಾಲಿಂದ ಏಳಬೇಕಂದ್ರ ಗ್ವಾಡಿ ಹಿಡಿಬೇಕು. ಹಲ್ಲುಜ್ಜಿದ್ರ ವಸಡಿನಾಗ ರಕ್ತ, ಮುಂಗೈ ಮ್ಯಾಲೆ ಎಲ್ಲೂ ಬಡಿಸ್ಕೊಳ್ಳದೇ ನೀಲಿ ಕಲಿ. ಕ್ಲಿನಿಕ್ಕಿನಾಗ ಹೇಳಿದ್ರ "ವಯಸ್ಸಾತು, ಕ್ಯಾಲ್ಸಿಯಂ ತಗೋರಿ" ಅಂತ ಇನ್ನೊಂದು ಗುಳಗಿ ಸೇರ್ತು.

ಇದೇ ಹೊತ್ತಿಗೆ ಯಾರೋ ವಾಟ್ಸಾಪಿನಾಗ ವಿಡಿಯೋ ಕಳಿಸಿದ್ರು. ಕೊಲೆಸ್ಟ್ರಾಲ್ ಅನ್ನೋದೇ ಸುಳ್ಳು, ನಾರ್ಮಲ್ ನಂಬರ್ ಇಳಿಸಿದ್ದು ಕಂಪನಿಯವರು, ಡಾಕ್ಟ್ರು ಫಾರಿನ್ ಟ್ರಿಪ್ಪಿಗಾಗಿ ಬರೀತಾರ, ಸ್ಟಾಟಿನ್ ಮಾಂಸಖಂಡ ಕರಗಿಸ್ತೈತಿ, ಹಿಂಗ. ದಿವಾನಜಿಯವರು ಮೋಸ ಹೋಗೋ ಮನುಷ್ಯ ಅಲ್ಲ, ಸುಮ್ನ ನಂಬಲೂ ಇಲ್ಲ. ಆದ್ರ ಆ ವಿಡಿಯೋದ ಅರ್ಧ ಮಾತು ಅವರು ಕಣ್ಣಾರೆ ಕಂಡಿದ್ರು. ಕ್ಲಿನಿಕ್ಕಿನಾಗ ಇವರು ಪಾಳಿ ಹಚ್ಚಿ ಕುಂತಾಗ ಬ್ಯಾಗ್ ಹಿಡಿದ, ಔಷಧಿ ಪ್ರಚಾರಕ್ಕ ಬರೋ ಕಂಪನಿ ರೆಪ್‌ಗಳು ಸೀದಾ ಒಳಗ ಹೋಗೋದು ಕಂಡಿದ್ರು, ಮೇಜಿನ ಮ್ಯಾಲಿನ ಪೆನ್ ಸ್ಟ್ಯಾಂಡ್, ಕ್ಯಾಲೆಂಡರ್, ಗ್ವಾಡಿ ಗಡಿಯಾರ ಎಲ್ಲದರ ಮ್ಯಾಲೂ ಗುಳಗಿ ಹೆಸರು ಕಂಡಿದ್ರು. ನನ್ನ ಕೌಂಟರಿಗೆ ಬಂದು ಹೇಳಿದ್ದು ಇಷ್ಟ: "ತಮ್ಮಾ, ನಾ ದಲಾಲಿ ಅಂಗಡ್ಯಾಗ ಕುಂತು ಮುದುಕ ಆಗೀನಿ. ಕಮಿಷನ್ ಎಲ್ಲೆಲ್ಲಿ ಓಡಾಡ್ತೈತಿ ಅಂತ ನನಗ ಬ್ಯಾರೆಯವ್ರು ಹೇಳಬೇಕಾಗಿಲ್ಲ."

ಅಟೋರ್ವಾಸ್ಟಾಟಿನ್ ಸ್ಟ್ರಿಪ್ ಮ್ಯಾಲೆ ಬಳ್ಳಾರಿ ಸಿಸ್ಟರ್ ಒಬ್ರು ಪೆನ್ನಿಲೆ "ಕೊಲೆಸ್ಟ್ರಾಲ್" ಅಂತ ಬರದು ಕೊಟ್ಟಿದ್ರು. ಆ ಸ್ಟ್ರಿಪ್ ನಿಲ್ಲಿಸಿದ್ರು. ಉಳಿದವು ಮುಂದುವರಿಸಿದ್ರು.

ಏನೇನು ಮಾಡಿ ನೋಡಿದ್ರು

ಮೊದಲು ಬೈಗುಳ. ಕ್ಲಿನಿಕ್ಕಿನಾಗ "ನೀವೇ ಡಾಕ್ಟ್ರಾಗ್ರಿ ಹಂಗಾರ, ಮತ್ತ ಅಟ್ಯಾಕ್ ಆದ್ರ ನನ್ನ ಹತ್ರ ಬರಬ್ಯಾಡ್ರಿ" ಅಂದ್ರಂತ. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡದೇ ಹೆದರಿಕಿ ಕೊಟ್ರ, ಅನುಮಾನ ಇನ್ನೂ ಗಟ್ಟಿ ಆಗ್ತೈತಿ, ಇಲ್ಲೂ ಹಂಗ ಆತು. ಬೆಂಗಳೂರಾಗಿರೋ ಮಗ ಇಂಗ್ಲಿಷ್ ಲಿಂಕ್ ಮ್ಯಾಲೆ ಲಿಂಕ್ ಕಳಿಸಿದ, ಅಪ್ಪ ಒಂದೂ ತೆಗೀಲಿಲ್ಲ. ಮನ್ಯಾಗ ಬೆಳ್ಳೊಳ್ಳಿ, ಅಗಸಿ ಪುಡಿ, ಯಾರೋ ಹೇಳಿದ ಕಷಾಯ ಶುರು ಆತು. ಅಗಸಿ ಹಿಂಡಿ ರೊಟ್ಟಿ ಜೊತಿ ತಿನ್ನಾಕ ಯಾವ ಅಡ್ಡಿನೂ ಇಲ್ಲ, ಒಳ್ಳೇದ, ಆದ್ರ ಅದನ್ನ ಸ್ಟೆಂಟಿನ ಗುಳಗಿ ಬದಲಿ ಅಂತ ತಗೊಂಡಾಗ ತೊಂದರಿ.

ಎರಡು ತಿಂಗಳ ಮ್ಯಾಲೆ ದಿವಾನಜಿಯವರು ತಾವೇ ಹೋಗಿ ಲಿಪಿಡ್ ಪ್ರೊಫೈಲ್, ಅಂದ್ರ ಕೊಲೆಸ್ಟ್ರಾಲಿನ ರಕ್ತ ಪರೀಕ್ಷಿ, ಮಾಡಿಸಿದ್ರು. ಎಲ್‌ಡಿಎಲ್ 67. ಗುಳಗಿ ಬಿಟ್ಟಮ್ಯಾಲೆ 67! ನುಂಗುವಾಗ 74 ಇದ್ದದ್ದು, ಬಿಟ್ಟಮ್ಯಾಲೆ ಇನ್ನೂ ಇಳಿದೈತಿ. ಕಾಲು ನೋವೂ ಸ್ವಲ್ಪ ಕಮ್ಮಿ ಆಗಿತ್ತು. ಆ ರಿಪೋರ್ಟ್ ಮಡಚಿ ಅಂಗಿ ಕಿಸೆದಾಗ ಇಟ್ಕೊಂಡು ಯಾರ್ಡಿನ ತುಂಬ ತೋರಿಸಿದ್ರು, ಒಗ್ಗರಣಿ ಮಿರ್ಚಿ ಅಂಗಡಿ ಮುಂದ ಮಂದಿ ಸೇರಿಸಿ ಓದಿ ಹೇಳಿದ್ರು. ಅದನ್ನ ಕೇಳಿ ಇನ್ನಿಬ್ರು ತಮ್ಮ ಸ್ಟಾಟಿನ್ ನಿಲ್ಲಿಸಿದ್ರು. ಅದರಾಗ ಒಬ್ರು ಬೈಪಾಸ್ ಆಗಿರೋ ಶುಗರ್ ಪೇಷಂಟ್.

ನನಗ ರಿಪೋರ್ಟ್ ತೋರಿಸಿದಾಗ ಲೆಕ್ಕ ಕೂಡಲಿಲ್ಲ. 148 ಇದ್ದ ಮನುಷ್ಯನಿಗೆ ಬೆಳ್ಳೊಳ್ಳಿ ಅಗಸಿಯಿಂದ 67 ಬರಲ್ಲ. ಲ್ಯಾಬ್ ತಪ್ಪೋ, ಇಲ್ಲಾ ಬ್ಯಾರೆ ಏನರ ಒಳಗ ಹೋಗ್ತೈತೋ. "ಕಾಕಾ, ಮನ್ಯಾಗ ನುಂಗೋ ಸ್ಟ್ರಿಪ್ ಎಲ್ಲಾ ಒಂದು ಕ್ಯಾರಿ ಬ್ಯಾಗಿನಾಗ ಹಾಕ್ಕೊಂಡು ಬರ್ರಿ, ಖಾಲಿ ಆದವೂ ಬರ್ಲಿ" ಅಂದೆ. ಸಂಜಿಗೆ ತಂದ್ರು. ಕೌಂಟರ್ ಗಾಜಿನ ಮ್ಯಾಲೆ ಒಂದೊಂದಾಗಿ ಹರವಿದ್ವಿ. ಆ "ಒಳ್ಳೆ ಕ್ಯಾಪ್ಸೂಲ್" ಸ್ಟ್ರಿಪ್ ಮುಂದ ಚಿನ್ನದ ಬಣ್ಣದಾಗ ದೊಡ್ಡ ಬ್ರ್ಯಾಂಡ್ ಹೆಸರು. ಹಿಂದ, ಬೆಳ್ಳಿ ಹಾಳಿ ಮ್ಯಾಲೆ, ಕಾಳಿನಷ್ಟೂ ಇಲ್ಲದ ಅಕ್ಷರದಾಗ ಒಳಗಿನ ಔಷಧಿ. ಅವರ ಚಷ್ಮಾಕ್ಕ ಕಾಣಲಿಲ್ಲ, ಮೊಬೈಲ್ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ಓದಿದೆ: ರೋಸುವಾಸ್ಟಾಟಿನ್ 20, ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75.

ಅಂದ್ರ ಅವರು ಸ್ಟಾಟಿನ್ ಬಿಟ್ಟಿರಲೇ ಇಲ್ಲ. ಕೆಲವು ತಿಂಗಳು ಎರಡೆರಡು ಸ್ಟಾಟಿನ್ ನುಂಗಿದ್ರು, ಆಮ್ಯಾಲೆ ಒಂದು ನಿಲ್ಲಿಸಿ ಇನ್ನೊಂದು, ಅದೂ ಅಷ್ಟೇ ಜೋರಿನದು, ಮುಂದುವರಿಸಿದ್ರು. 67 ಬಂದಿದ್ದು ಆ ಗುಳಗಿಯಿಂದ. ಕಾಲು ನೋವಿನ ಮುಖ್ಯ ಅನುಮಾನ ಈಗ ಎರಡು ಸ್ಟಾಟಿನ್ ಕೂಡಿದ್ದರ ಮ್ಯಾಲೆ. ರಕ್ತ ತೆಳು ಮಾಡೋ ಎರಡೂ ಔಷಧಿ ಡಬಲ್ ಆಗಿದ್ವು, ಅವತ್ತಿಗೂ ಡಬಲ್ ನಡೆದಿತ್ತು, ವಸಡಿನ ರಕ್ತ, ಮುಂಗೈ ಕಲಿ ಅದರಿಂದ.

ಈ ಜಾಗಾ ಬಹಳ ಸೂಕ್ಷ್ಮ, ಇಲ್ಲಿ ಎರಡೂ ಮಾತು ಒಟ್ಟಿಗೆ ಖರೇ ಇದ್ವು. ಕಂಪನಿ ಮಾರ್ಕೆಟಿಂಗ್ ಬಗ್ಗೆ ದಿವಾನಜಿಯವರ ಅನುಮಾನ ಸರಿ ಇತ್ತು, ಅದು ಅವರ ಮೈಮ್ಯಾಲೆ ಕಲಿ ರೂಪದಾಗ ಕಾಣ್ತಿತ್ತು. ಅದರಿಂದ ಅವರು ತೆಗೆದ ತೀರ್ಮಾನ, ಅಂದ್ರ ಕೊಲೆಸ್ಟ್ರಾಲ್ ಗುಳಗಿ ಕೆಲಸ ಮಾಡಲ್ಲ ಅನ್ನೋದು, ಅವರದೇ ರಿಪೋರ್ಟಿನಿಂದ ಸುಳ್ಳಾಗಿತ್ತು.

ಆದ್ರ ಅವರಿಗೆ ಆ ಹೊತ್ತಿನಾಗ ಕಂಡಿದ್ದು ಮೋಸ ಒಂದೇ. ಸಿಟ್ಟು ನೆತ್ತಿಗೇರ್ತು. "ಇನ್ನ ಒಂದೂ ನುಂಗಲ್ಲ" ಅಂತ ಬ್ಯಾಗ್ ಅಲ್ಲೇ ಬಿಟ್ಟು ಹೋದ್ರು, ನಾಕೈದು ದಿನ ಎಲ್ಲಾ ನಿಲ್ಲಿಸಿಬಿಟ್ರು, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಸೈತ. ಸ್ಟೆಂಟ್ ಹಾಕಿ ಇನ್ನೂ ವರ್ಷ ತುಂಬಿರ್ಲಿಲ್ಲ. ಈ ಪ್ರಕರಣದಾಗ ಜೀವಕ್ಕ ಎಲ್ಲಕ್ಕಿಂತ ಹೆಚ್ಚು ಅಪಾಯ ಇದ್ದ ದಿನಗಳು ಅವು. ಸ್ಟೆಂಟ್ ಒಳಗ ರಕ್ತ ಹೆಪ್ಪುಗಟ್ಟಿದ್ರ ಬಳ್ಳಾರಿ ಮುಟ್ಟಾಕೂ ಟೈಮ್ ಸಿಗಲ್ಲ. ನಾನು ಅವರ ಮನಿಗೆ ಹೋಗಿ ಅವರ ಹೆಂಡ್ತಿ ಮುಂದನ ಹೇಳಿದೆ, ಯಾರನ್ನ ನಂಬ್ತೀರೋ ಬಿಡ್ತೀರೋ, ಈ ಎರಡು ಮಾತ್ರ ನಿಲ್ಲಿಸಬ್ಯಾಡ್ರಿ, ಉಳಿದದ್ದಕ್ಕ ಬ್ಯಾರೆ ಡಾಕ್ಟ್ರ ಹತ್ರ ಹೋಗೂಣು ಅಂತ.

ರೊಕ್ಕದ ಮಾತು

ಆ ಕ್ಯಾಪ್ಸೂಲ್ ಚೀಟಿಗೆ ಹೆಂಗ ಬಂತು ಅನ್ನೋದು ತಿಳಿದ್ರ ಅನುಮಾನ ಎಲ್ಲಿಗೆ ಹಚ್ಚಬೇಕು ಅನ್ನೋದೂ ತಿಳೀತೈತಿ. ಅಟೋರ್ವಾಸ್ಟಾಟಿನ್ ಹಳೇ ಔಷಧಿ, ಪೇಟೆಂಟ್ ಮುಗಿದು ಬಹಳ ದಿನ ಆತು, ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟ್ಯಾಗ ಐತಿ, ಎಷ್ಟೋ ಕಂಪನಿ ಮಾಡ್ತಾವ, ಜನೌಷಧಿ ಅಂಗಡ್ಯಾಗ ಇನ್ನೂ ಸೋವಿ. ಹಿಂಗಿದ್ದಾಗ ರೆಪ್ ಆದವ ಡಾಕ್ಟ್ರ ಮುಂದ ಕುಂತು ಹೊಸದಾಗಿ ಏನು ಹೇಳಬೇಕು? ಅದಕ್ಕ ಮೂರು ಹಳೇ ಔಷಧಿ ಕೂಡ್ಸಿ ಹೊಸ ಹೆಸರು, ಚಿನ್ನದ ಬಣ್ಣದ ಸ್ಟ್ರಿಪ್. ಕೂಡಿಸಿದ್ದೇ ತಪ್ಪು ಅಂತ ನಾ ಹೇಳಲ್ಲ, ಮೂರು ಗುಳಗಿ ಬದಲಿ ಒಂದು ನುಂಗೋದು ಎಷ್ಟೋ ಮಂದಿಗೆ ಅನುಕೂಲ. ಆದ್ರ ಹಳೇವು ನಿಲ್ಲಿಸ್ರಿ ಅನ್ನೋ ಒಂದು ಸಾಲು ಚೀಟ್ಯಾಗ ಇಲ್ಲಾಂದ್ರ, ಹೆಸರು ನೋಡಿ ಒಳಗ ಏನೈತಿ ಅಂತ ರೋಗಿಗೆ ತಿಳಿಯೋ ದಾರಿನೇ ಇಲ್ಲ. ನಮ್ಮ ಮೆಡಿಕಲ್ ಲೈನಿನಾಗೂ ಸ್ಕೀಮ್ ಐತಿ, ಇಷ್ಟು ಪೆಟ್ಟಿಗೆ ಇಷ್ಟು ಫ್ರೀ ಅಂತ, ಅದನ್ನ ಮುಚ್ಚಿಟ್ಟು ಡಾಕ್ಟ್ರನ್ನಷ್ಟ ಬೈಯೋದು ನ್ಯಾಯ ಅಲ್ಲ.

ಕಾಯ್ದೆ ಇಲ್ಲ ಅಂತಿಲ್ಲ. ಡಾಕ್ಟ್ರು ಕಂಪನಿ ಕಡಿಯಿಂದ ಗಿಫ್ಟು, ಟ್ರಿಪ್ಪು, ರೊಕ್ಕ ತಗೋಬಾರದು ಅಂತ ಮೆಡಿಕಲ್ ಕೌನ್ಸಿಲ್ 2009ರಾಗ ನಿಯಮ ಸೇರಿಸ್ತು. 2022ರ ಫೆಬ್ರುವರಿದಾಗ ಸುಪ್ರೀಂ ಕೋರ್ಟ್, ಹಂಗ ಕೊಟ್ಟ ಉಡುಗೊರಿ ಖರ್ಚನ್ನ ಕಂಪನಿಯವರು ಇನ್‌ಕಮ್ ಟ್ಯಾಕ್ಸಿನಾಗ ಕಳಿಯೋ ಹಂಗಿಲ್ಲ ಅಂತ ತೀರ್ಪು ಕೊಟ್ತು. ಔಷಧಿ ಕಂಪನಿಗಳ ಮಾರ್ಕೆಟಿಂಗ್ ಸಂಹಿತಿ 2015ರಾಗ ಬಂತು, ಇಷ್ಟ ಇದ್ದವರು ಪಾಲಿಸ್ರಿ ಅನ್ನೋ ಹಂಗ, 2024ರ ಮಾರ್ಚಿನಾಗ ಹೊಸದು ಬಂತು. ಡಾಕ್ಟ್ರು ಜನರಿಕ್ ಹೆಸರು, ಅಂದ್ರ ಒಳಗಿನ ಔಷಧಿಯ ಹೆಸರು, ಬರೀಲೇಬೇಕು ಅನ್ನೋ ಹೊಸ ನಿಯಮ 2023ರ ಆಗಸ್ಟಿನಾಗ ಬಂದು ಅದನ್ನ ಅದೇ ತಿಂಗಳು ತಡಿಹಿಡಿದ್ರು. ಇನ್ನ ನಮ್ಮಂಥ ಅಂಗಡಿಯವರು ಚೀಟ್ಯಾಗಿನ ಬ್ರ್ಯಾಂಡ್ ಬದಲಿ ಅದೇ ಔಷಧಿಯ ಇನ್ನೊಂದು ಬ್ರ್ಯಾಂಡ್ ನಮ್ಮಷ್ಟಕ್ಕ ನಾವೇ ಕೊಡೋ ಹಂಗಿಲ್ಲ, ಡ್ರಗ್ಸ್ ರೂಲ್ಸ್ 65ನೇ ನಿಯಮ ಬ್ಯಾಡ ಅಂತೈತಿ.

ಅಮೆರಿಕಾದಾಗ 2010ರಾಗ ಕಾನೂನು ಮಾಡಿ, ಯಾವ ಕಂಪನಿ ಯಾವ ಡಾಕ್ಟ್ರಿಗೆ ಏನು ಕೊಡ್ತು ಅನ್ನೋದನ್ನ 2014ರಿಂದ ಸರ್ಕಾರನ ಎಲ್ಲರಿಗೂ ಕಾಣೋ ಹಂಗ ಹಾಕ್ತೈತಿ. ಆ ಲೆಕ್ಕ ಹಿಡ್ಕೊಂಡು 2016ರಾಗ ಒಂದು ಅಧ್ಯಯನ ಬಂತು: ಕಂಪನಿ ಕೊಡಿಸಿದ ಒಂದೇ ಒಂದು ಊಟ, ಅದೂ ಸರಾಸರಿ 20 ಡಾಲರಿಗಿಂತ ಕಮ್ಮಿದು, ತಗೊಂಡ ಡಾಕ್ಟ್ರು ಉಳಿದವರಿಗಿಂತ ಆ ಕಂಪನಿ ಬ್ರ್ಯಾಂಡನ್ನ ಹೆಚ್ಚು ಬರೀತಿದ್ರು. ಅದರಾಗ ನೋಡಿದ ಔಷಧಿಗಳಾಗ ಒಂದು ರೋಸುವಾಸ್ಟಾಟಿನ್. ಊಟದಿಂದಲೇ ಹಿಂಗಾತು ಅಂತ ಅದು ಸಾಬೀತು ಮಾಡಲ್ಲ, ಸಂಬಂಧ ಐತಿ ಅಂತಷ್ಟ ತೋರಿಸ್ತೈತಿ. ಆದ್ರ ಏನನ್ನ ತೋರಿಸ್ತೈತಿ ಅಂತ ನೋಡ್ರಿ. ಹಳೇ ಸೋವಿ ಸ್ಟಾಟಿನ್ ಇದ್ದರೂ ಕಂಪನಿ ಸ್ಟಾಟಿನ್ ಕಡಿ ಪೆನ್ನು ವಾಲ್ತು. ಕಂಪನಿ ಪ್ರಭಾವ ಎಲ್ಲಕ್ಕಿಂತ ಸಲೀಸಾಗಿ ಕೆಲಸ ಮಾಡೋದು ಯಾವ ಬ್ರ್ಯಾಂಡು, ಎಷ್ಟು ಗುಳಗಿ, ಯಾರ್ಯಾರಿಗೆ ಅನ್ನೋದರಾಗ. ದಿವಾನಜಿಯವರ ಕ್ಯಾರಿ ಬ್ಯಾಗಿನಾಗ ಇದ್ದಿದ್ದೂ ಅದೇ.

ತಿರುವು

ಕರ್ಕೊಂಡು ಹೋಗಿದ್ದು ಒಬ್ರು ಫಿಜಿಶಿಯನ್ ಹತ್ರ, ನಮ್ಮೂರವರಲ್ಲ. ಸ್ಟ್ರಿಪ್ ಬ್ಯಾಗ್ ಮೇಜಿನ ಮ್ಯಾಲೆ ಸುರಿದ್ವಿ. ದಿವಾನಜಿಯವರು ಮೊದಲನೇ ಮಾತೇ "ಸಾಹೇಬ್ರ, ನಿಮಗೆಷ್ಟು ಬರ್ತೈತಿ ಇದರಾಗ?" ಅಂತ ಕೇಳಿಬಿಟ್ರು. ನಾನು ತಲಿ ಕೆಳಗ ಹಾಕಿದೆ. ಆ ಡಾಕ್ಟ್ರು ಸಿಟ್ಟಾಗಲಿಲ್ಲ. ನನ್ನ ರೂಮಿಗೂ ರೆಪ್ ಬರ್ತಾರ, ಸ್ಯಾಂಪಲ್ ಇಟ್ಟು ಹೋಗ್ತಾರ, ನೀವು ಕೇಳೋದು ಸರಿ ಐತಿ ಅಂದ್ರು. ಆಮ್ಯಾಲೆ ಹೇಳಿದ ಮಾತಿಗೆ ಇಡೀ ಪ್ರಕರಣ ಹೊರಳ್ತು: "ದಲಾಲಿ ತಗೊಂಡ ಅಂತ ಭತ್ತ ಜೊಳ್ಳಾಗ್ತೈತೇನ್ರಿ? ಜೊಳ್ಳು ಹೌದೋ ಅಲ್ಲೋ ತೂರಿ ನೋಡಬೇಕು. ಬರ್ರಿ, ತೂರೂಣು."

ಸ್ಟ್ರಿಪ್ ಒಂದೊಂದಾಗಿ ಎರಡು ಗುಂಪು ಮಾಡಿದ್ರು. ಮಲ್ಟಿವಿಟಮಿನ್, ಲಿವರ್ ಸಿರಪ್, ಒಮೆಗಾ, ಕ್ಯಾಲ್ಸಿಯಂ ಒಂದು ಕಡಿ: ಇವು ನಿಮಗ ಬ್ಯಾಡ. ಆ ಕ್ಯಾಪ್ಸೂಲ್: ಒಳಗಿನದು ಬೇಕು, ಆದ್ರ ಎರಡೆರಡು ಬ್ಯಾಡ, ಬಿಡಿ ಗುಳಗಿನ ಇರ್ಲಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಒಂದೊಂದು, ಇವತ್ತ ಇಲ್ಲೇ ನುಂಗ್ರಿ. ಸ್ಟಾಟಿನ್ ಸದ್ಯಕ್ಕ ನಿಲ್ಲಿಸೇ ಇಡ್ರಿ, ಮೊದಲು ರಕ್ತ ನೋಡೂಣು. ಸಿಪಿಕೆ 340 ಬಂತು, ಮಾಂಸಖಂಡಕ್ಕ ಪೆಟ್ಟಾದ್ರ ಏರೋ ನಂಬರ್ ಅದು, ಇವರದು ನಾರ್ಮಲ್‌ಗಿಂತ ಹೆಚ್ಚು, ಹೆದರೋ ಅಷ್ಟಲ್ಲ. ಥೈರಾಯ್ಡ್ ನೋಡಿದ್ರು, ಅದು ಕಮ್ಮಿ ಇದ್ರ ಕೊಲೆಸ್ಟ್ರಾಲೂ ಏರ್ತೈತಿ, ಸ್ಟಾಟಿನ್ ನೋವೂ ಹೆಚ್ಚಾಗ್ತೈತಿ, ಇವರದು ಸರಿ ಇತ್ತು.

ಆಮ್ಯಾಲೆ ವಿಡಿಯೋ ಮಾತು ಬಂತು. ಡಾಕ್ಟ್ರು ಅದನ್ನ ನಕ್ಕು ತಳ್ಳಿಹಾಕಲಿಲ್ಲ, ಅದೇ ನನಗ ಬಹಳ ಸೇರಿದ್ದು. ನಾರ್ಮಲ್ ನಂಬರ್ ಮಾತು ಪೂರಾ ಹವಾ ಅಲ್ಲ ಅಂದ್ರು, 2004ರಾಗ ಅಮೆರಿಕಾದ ಕೊಲೆಸ್ಟ್ರಾಲ್ ಮಾರ್ಗಸೂಚಿ ಬದಲಾದಾಗ ಬರೆದ 9 ಮಂದ್ಯಾಗ 8 ಮಂದಿಗೆ ಸ್ಟಾಟಿನ್ ಕಂಪನಿಗಳ ಜೊತಿ ಹಣಕಾಸಿನ ಸಂಬಂಧ ಇತ್ತು. ಸ್ಟಾಟಿನ್ ಮಾಂಸಖಂಡ ಕರಗಿಸೋದೂ ಖರೇ, ಬಹಳ ಅಪರೂಪಕ್ಕ. ಸೆರಿವಾಸ್ಟಾಟಿನ್ ಅನ್ನೋ ಒಂದು ಸ್ಟಾಟಿನ್ನನ್ನ ಅದೇ ಕಾರಣಕ್ಕ 2001ರಾಗ ಮಾರ್ಕೆಟಿನಿಂದ ತೆಗೆಯಬೇಕಾತು. ಇಷ್ಟೆಲ್ಲಾ ಒಪ್ಕೊಂಡಮ್ಯಾಲೆ ಒಂದು ಹಾಳಿ ತಗೊಂಡು ಲೆಕ್ಕ ಬರದ್ರು, ದಿವಾನಜಿಯವರು ಕುರ್ಚಿ ಮುಂದ ಎಳ್ಕೊಂಡ್ರು.

1994ರಾಗ ಸ್ಕ್ಯಾಂಡಿನೇವಿಯಾ ದೇಶಗಳಾಗ 4,444 ಮಂದಿ ಮ್ಯಾಲೆ ಮಾಡಿದ ಪರೀಕ್ಷಿ, ಎಲ್ಲಾ ಹಾರ್ಟ್ ಅಟ್ಯಾಕ್ ಆದವರು ಇಲ್ಲಾ ಎದಿ ನೋವಿನವರು, ಅರ್ಧ ಮಂದಿಗೆ ಸಿಮ್ವಾಸ್ಟಾಟಿನ್, ಅರ್ಧ ಮಂದಿಗೆ ಖೊಟ್ಟಿ ಗುಳಗಿ, ಅಂದ್ರ ಹೋಲಿಕಿಗಾಗಿ ಕೊಡೋ ಔಷಧಿ ಇಲ್ಲದ ಗುಳಗಿ. ಐದು ವರ್ಷದ ಮ್ಯಾಲೆ ನೋಡಿದ್ರ, ಖೊಟ್ಟಿ ಗುಳಗಿ ಗುಂಪಿನಾಗ ಸತ್ತವರು 256, ಔಷಧಿ ಗುಂಪಿನಾಗ 182. ನೂರಕ್ಕ 11.5 ಇದ್ದದ್ದು 8.2 ಆತು. ದಿವಾನಜಿಯವರು ಕೂಡ್ಲೇ ಹಿಡಿದ್ರು: "ಅಂದ್ರ ನೂರರಾಗ ಮೂರು ಮಂದಿ ಉಳಿದ್ರು, ಇನ್ನ 97 ಮಂದಿ ಸುಮ್ನ ನುಂಗಿದ್ರೇನು?" ಡಾಕ್ಟ್ರು ಹೌದು ಅಂದ್ರು, ಸಾವಿನ ಲೆಕ್ಕದಾಗ ಹಂಗ ಅಂತ. ಆ ಮೂರು ಮಂದಿ ಯಾರು ಅಂತ ಮೊದಲ ಗೊತ್ತಾಗೋ ಹಂಗಿದ್ರ ಅವರಿಗಷ್ಟ ಕೊಡ್ತಿದ್ವಿ, ಗೊತ್ತಾಗಲ್ಲ, ಮತ್ತ ಸಾವು ಬಿಟ್ಟು ಎರಡನೇ ಅಟ್ಯಾಕೂ ಕಮ್ಮಿ ಆಗ್ತಾವ ಅಂದ್ರು. "ಇದಕ್ಕ ರೊಕ್ಕ ಕೊಟ್ಟವರು ಯಾರು?" ಅದೂ ಕೇಳಿದ್ರು. ಔಷಧಿ ಮಾಡಿದ ಕಂಪನಿನೇ, ಮರ್ಕ್. ಇದನ್ನೂ ಮುಚ್ಚಿಡಲಿಲ್ಲ.

ಹಂಗಾರ ಕಂಪನಿ ರೊಕ್ಕ ಇಲ್ಲದ ಸಾಕ್ಷಿ ಏನೈತಿ? ಇದಕ್ಕ ಡಾಕ್ಟ್ರು ಕೊಟ್ಟ ಉತ್ತರ ನಾನೂ ಮೊದಲ ಸಲ ಕೇಳಿದ್ದು, ಎಲ್ಲಾ ಫಾರ್ಮಾಸಿಸ್ಟರು ನೆನಪಿಡೋವಂಥದ್ದು. ಕೆಲವು ಮಂದಿಗೆ ಹುಟ್ಟಿನಿಂದನ ಪಿಸಿಎಸ್‌ಕೆ9 ಅನ್ನೋ ಜೀನ್ ಸರಿಯಾಗಿ ಕೆಲಸ ಮಾಡಲ್ಲ, ಅದರಿಂದ ಅವರ ಎಲ್‌ಡಿಎಲ್ ಜೀವನಪೂರ್ತಿ ಕಮ್ಮಿ. 2006ರಾಗ ಅಮೆರಿಕಾದ ಕಪ್ಪು ಜನಾಂಗದವರ ಮ್ಯಾಲೆ ಬಂದ ಅಧ್ಯಯನದಾಗ ಅಂಥವರ ಎಲ್‌ಡಿಎಲ್ 28 ಪರ್ಸೆಂಟ್ ಕಮ್ಮಿ ಇತ್ತು, ಹೃದಯದ ರಕ್ತನಾಳದ ರೋಗ ಬರೋ ಅಪಾಯ 88 ಪರ್ಸೆಂಟ್ ಕಮ್ಮಿ. ಉಲ್ಟಾನೂ ಐತಿ, ಹುಟ್ಟಿನಿಂದ ಎಲ್‌ಡಿಎಲ್ ವಿಪರೀತ ಇರೋ ಮನೆತನದಾಗ ಹರೇದ ಹುಡುಗರಿಗೇ ಅಟ್ಯಾಕ್ ಆಗ್ತಾವ, ಅದರ ಕಾರಣ ಹುಡುಕಿದ ಬ್ರೌನ್ ಮತ್ತ ಗೋಲ್ಡ್‌ಸ್ಟೈನ್‌ಗೆ 1985ರಾಗ ನೊಬೆಲ್ ಬಂತು. ತಾಯಿ ಹೊಟ್ಟ್ಯಾಗ ಸಿಕ್ಕ ಜೀನಿಗೆ ಯಾವ ರೆಪ್ಪೂ ಸ್ಕೀಮ್ ಕೊಟ್ಟಿರಲ್ಲ.

ದಿವಾನಜಿಯವರು ಆ ಹಾಳಿ ಮಡಚಿ ಇಟ್ಕೊಂಡ್ರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆಮ್ಯಾಲೆ ಏನಾತು

ಡಾಕ್ಟ್ರು ಒಂದು ಕೆಲಸ ಹೇಳಿದ್ರು, ಅದು ಈ ಮನುಷ್ಯನಿಗೆ ಹೇಳಿ ಮಾಡಿಸಿದಂಗಿತ್ತು. ದಿನಾ ಸಂಜಿ ಕಾಲು ನೋವಿಗೆ ಸೊನ್ನಿಯಿಂದ ಹತ್ತರ ತನಕ ಒಂದು ನಂಬರ್ ಬರೀರಿ, ಸ್ಟಾಟಿನ್ ಇಲ್ಲದ ಈ ದಿನದಿಂದಲೇ ಶುರು ಮಾಡ್ರಿ, ಅವತ್ತು ಎಷ್ಟೊತ್ತು ಗಾದಿ ಮ್ಯಾಲೆ ಕುಂತಿದ್ರಿ ಅದೂ ಬರೀರಿ. ಇದಕ್ಕ ಹಿಂದ ಒಂದು ಕಾರಣ ಇತ್ತು. ಇಂಗ್ಲೆಂಡಿನಾಗ ಸ್ಟಾಟಿನ್ ನೋವು ತಾಳದೇ ಬಿಟ್ಟಿದ್ದ 60 ಮಂದಿಗೆ ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಖೊಟ್ಟಿ ಗುಳಗಿ, ಒಂದು ತಿಂಗಳು ಏನೂ ಇಲ್ಲ ಅಂತ ಅದಲು ಬದಲು ಮಾಡಿ ಕೊಟ್ಟು, ದಿನಾ ನೋವು ಬರೆಸಿದ್ರು. 2020ರಾಗ ಫಲಿತಾಂಶ ಬಂತು, ಸ್ಟಾಟಿನ್ ತಿಂಗಳಿನಾಗ ಆದ ತ್ರಾಸಿನ 90 ಪರ್ಸೆಂಟ್ ಖೊಟ್ಟಿ ಗುಳಗಿ ತಿಂಗಳಿನಾಗೂ ಆಗಿತ್ತು. ನೋವು ಸುಳ್ಳಲ್ಲ, ನೋವು ಖರೇ, ಆದ್ರ ಬಹಳಷ್ಟು ಸಲ ಅದು ಔಷಧಿಯಿಂದ ಬರ್ತಿಲ್ಲ. ದಿವಾನಜಿಯವರದು ಬ್ಯಾರೆ ಕತಿ, ಸಿಪಿಕೆ ಏರಿತ್ತು, ಡೋಸ್ ಡಬಲ್ ಇತ್ತು, ಹಿಂಗಾಗಿ ಅವರ ನೋವಿನಾಗ ಔಷಧಿಯ ಪಾಲು ಎಷ್ಟು, ವಿಡಿಯೋ ನೋಡಿ ಹತ್ತಿದ ಹೆದರಿಕಿ ಪಾಲು ಎಷ್ಟು, ಗಾದಿ ಪಾಲು ಎಷ್ಟು ಅಂತ ಬಿಡಿಸಬೇಕಿತ್ತು.

ದಲಾಲಿ ಅಂಗಡಿ ಖತಾವಣಿ ಪುಸ್ತಕದಾಗೇ ಒಂದು ಕಾಲಂ ಹಾಕಿ ಬರದ್ರು. ಐದು ವಾರದ ಮ್ಯಾಲೆ ಸಿಪಿಕೆ ನಾರ್ಮಲ್ ಆಗಿತ್ತು. ಎಲ್‌ಡಿಎಲ್ 139. ಬೆಳ್ಳೊಳ್ಳಿ, ಅಗಸಿ, ಕಷಾಯ ಮೂರೂ ನಡೆದಿದ್ವು, ಲ್ಯಾಬ್ ಅದೇ. ಖರೇನ ಸ್ಟಾಟಿನ್ ಬಿಟ್ಟಾಗಿನ ನಂಬರ್ ಮೊದಲ ಸಲ ಅವರ ಕೈಗೆ ಬಂದಿದ್ದು ಆಗ. ಹಳೇ 67 ರಿಪೋರ್ಟ್ ಮತ್ತ ಈ 139 ರಿಪೋರ್ಟ್ ಎರಡೂ ನನ್ನ ಕೌಂಟರ್ ಮ್ಯಾಲೆ ಬಾಜೂ ಬಾಜೂ ಇಟ್ಟು ಬಹಳ ಹೊತ್ತು ನೋಡಿದ್ರು. ನಾನು ಏನೂ ಹೇಳಾಕ ಹೋಗಲಿಲ್ಲ, ಲೆಕ್ಕದ ಮನುಷ್ಯನಿಗೆ ಲೆಕ್ಕ ಓದಿ ಹೇಳಬಾರದು.

ನೋವಿನ ಕಾಲಂ ಇನ್ನೊಂದು ವಿಷಯ ಹೇಳ್ತು. ಎರಡು ಸ್ಟಾಟಿನ್ ನಿಂತಮ್ಯಾಲೆ ತೊಡಿ ನೋವು ಹೋಗಿತ್ತು, ಗ್ವಾಡಿ ಹಿಡಿಯೋದು ಬಿಟ್ಟಿದ್ರು. ಮೀನಗಂಡದ ಸೆಳೆತ ಮಾತ್ರ ಆವಕ ಜೋರಿದ್ದ ದಿನ, ಅಂದ್ರ ಗಾದಿ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಹೊತ್ತುಗಟ್ಲೆ ಕುಂತ ದಿನ, ಸ್ಟಾಟಿನ್ ಇಲ್ಲದೇನೂ ಐದು ಆರು ಅಂತ ಇತ್ತು. ಅಟೋರ್ವಾಸ್ಟಾಟಿನ್ 20 ಶುರು ಮಾಡಿದ್ರು, ಆಮ್ಯಾಲೆ 40. ಕಾಲಂ ಹೆಚ್ಚು ಬದಲಾಗಲಿಲ್ಲ. ಎರಡು ತಿಂಗಳಿಗೆ ಎಲ್‌ಡಿಎಲ್ 72. ಚೀಟಿ ಜನರಿಕ್ ಹೆಸರಿನಾಗ ಬರದಿದ್ರಿಂದ ಯಾವ ಅಂಗಡ್ಯಾಗಾದ್ರೂ ತಗೋಬಹುದು, ಇವರು ಜನೌಷಧಿ ಅಂಗಡ್ಯಾಗ ತಗೋತಾರ, ನನ್ನ ಗಿರಾಕಿ ಹೋತು ಅಂತ ನನಗೇನೂ ಬ್ಯಾಸರಿಲ್ಲ. ತಿಂಗಳ ಔಷಧಿ ಖರ್ಚು ಮೊದಲಿನದರ ಕಾಲು ಭಾಗಕ್ಕಿಂತ ಕಮ್ಮಿ.

ಇದೇ ಮನ್ಯಾಗ ಇನ್ನೊಂದು ಸ್ಟಾಟಿನ್ ಇತ್ತು, ಅದರ ಉತ್ತರ ಉಲ್ಟಾ ಬಂತು. ಅವರ ಹೆಂಡ್ತಿಗೆ 50 ವರ್ಷ, ಬಿಪಿ ಇಲ್ಲ, ಶುಗರ್ ಇಲ್ಲ, ತಂಬಾಕು ಇಲ್ಲ, ಅವರ ಮನೆತನದಾಗೂ ಹಾರ್ಟ್ ತೊಂದರಿ ಇಲ್ಲ. ಕಲ್ಯಾಣ ಮಂಟಪದಾಗ ಒಂದು ಕಂಪನಿ ಬ್ಯಾನರಿನ ಫ್ರೀ ಕ್ಯಾಂಪಿನಾಗ ರಕ್ತ ನೋಡಿ, ಎಲ್‌ಡಿಎಲ್ 138 ಅಂತ ರೋಸುವಾಸ್ಟಾಟಿನ್ 10 ಸ್ಯಾಂಪಲ್ ಕೊಟ್ಟು, ಜೀವನಪೂರ್ತಿ ತಗೋಬೇಕು ಅಂದಿದ್ರು. ಅದೇ ಡಾಕ್ಟ್ರು ನೋಡಿ, ಥೈರಾಯ್ಡ್ ಮಾಡಿಸಿ, ನಿಮಗ ಈಗ ಬ್ಯಾಡಮ್ಮ ಅಂದ್ರು. ಕರಿದ ಎಣ್ಣಿ ಕಮ್ಮಿ ಮಾಡ್ರಿ, ನಡೀರಿ, ಮತ್ತ ಸಲ ನೋಡೂಣು.

ಇಬ್ರಿಗೂ ಔಷಧಿ ಒಂದೇ ಜಾತಿದು, ಎಲ್‌ಡಿಎಲ್ ನಂಬರೂ ಸನೇದಾಗ, ಆದ್ರ ಅಪಾಯ ಎಷ್ಟರದು ಅನ್ನೋದು ಬ್ಯಾರೆ. ಔಷಧಿ ಅಪಾಯವನ್ನ ಇಷ್ಟು ಪರ್ಸೆಂಟ್ ಅಂತ ಇಳಿಸ್ತೈತಿ, ಮೊದಲ ಅಪಾಯ ದೊಡ್ಡದಿದ್ರ ಆ ಪರ್ಸೆಂಟ್ ದೊಡ್ಡ ಗಳಿಕಿ, ಸಣ್ಣದಿದ್ರ ಗಳಿಕಿನೂ ಸಣ್ಣದು. ಜಾಹೀರಾತಿನಾಗ ಪರ್ಸೆಂಟ್ ಅಷ್ಟ ಹೇಳ್ತಾರ. 2008ರಾಗ ಬಂದ ಜುಪಿಟರ್ ಅನ್ನೋ ದೊಡ್ಡ ಪರೀಕ್ಷಿದಾಗ, ಹಾರ್ಟ್ ರೋಗ ಇಲ್ಲದ 17,802 ಮಂದ್ಯಾಗ, ರೋಸುವಾಸ್ಟಾಟಿನ್ ಅಪಾಯನ 44 ಪರ್ಸೆಂಟ್ ಇಳಿಸ್ತು ಅಂತ ಸುದ್ದಿ ಆತು. ಅದು ಸುಳ್ಳಲ್ಲ. ಎರಡೂ ಗುಂಪಿನಾಗ 8,901 ಮಂದಿ, ಖೊಟ್ಟಿ ಗುಳಗಿಯವರಾಗ 251 ಮಂದಿಗೆ ತೊಂದರಿ, ಔಷಧಿಯವರಾಗ 142 ಮಂದಿಗೆ, ಸುಮಾರು ಎರಡು ವರ್ಷದಾಗ. ನೂರರ ಲೆಕ್ಕಕ್ಕ ತಂದ್ರ 2.8 ಇದ್ದದ್ದು 1.6. ಆ ಮಂದಿನೂ ರಕ್ತದಾಗ ಉರಿಯೂತದ ಗುರ್ತು ಹೆಚ್ಚಿದ್ದವರನ್ನ ಆರಿಸಿ ತಗೊಂಡಿದ್ದು. 44 ಕೇಳಿದವರು ಒಂದು ನಿರ್ಧಾರ ಮಾಡ್ತಾರ, 2.8 ಮತ್ತ 1.6 ಕೇಳಿದವರು ಇನ್ನೊಂದು ಮಾಡಬಹುದು, ಎರಡೂ ರೋಗಿಗೆ ತಿಳಿಬೇಕು.

ನಾನು ಈಗ ಕೌಂಟರಿನಾಗ ಮಾಡೋದು ಇಷ್ಟು: ಹಾರ್ಟ್ ಚೀಟಿ ಬಂದ್ರ ಕವರಿನ ಮ್ಯಾಲೆ ಬ್ರ್ಯಾಂಡ್ ಪಕ್ಕ ಒಳಗಿನ ಔಷಧಿ ಹೆಸರು ಕನ್ನಡದಾಗ ದೊಡ್ಡದಾಗಿ ಬರೀತೀನಿ, ಮನ್ಯಾಗಿನ ಹಳೇ ಸ್ಟ್ರಿಪ್ ತರಿಸ್ತೀನಿ, ಒಂದೇ ಹೆಸರು ಎರಡು ಕಡಿ ಕಂಡ್ರ, ಇಲ್ಲಾ ಸ್ಟಾಟಿನ್ ಅಂತ ಮುಗಿಯೋ ಹೆಸರು ಎರಡು ಕಂಡ್ರ, ಅಲ್ಲೇ ಡಾಕ್ಟ್ರಿಗೆ ಫೋನ್ ಹಚ್ಚಿಸ್ತೀನಿ. ಗುಳಗಿ ಬಿಡ್ತೀನಿ ಅಂದವರಿಗೆ ಬಿಡಬ್ಯಾಡ್ರಿ ಅನ್ನೋಕಿಂತ ಮೊದಲು, ನಿಮಗ ಅಟ್ಯಾಕ್ ಆಗೈತೇನು, ಸ್ಟೆಂಟ್ ಐತೇನು, ಶುಗರ್ ಐತೇನು ಅಂತ ಕೇಳ್ತೀನಿ, ಯಾಕಂದ್ರ ಉತ್ತರ ಅಲ್ಲಿಂದ ಶುರು ಆಗ್ತೈತಿ. ಆ ಕ್ಲಿನಿಕ್ಕಿನ ಡಾಕ್ಟ್ರಿಗೆ ಈ ಸ್ಟ್ರಿಪ್‌ಗಳ ಫೋಟೋ ತೋರಿಸಿದೆ, ನೋಡಿ ಸುಮ್ನಾದ್ರು, ಈಗ ಕೆಲವು ಚೀಟ್ಯಾಗ "ಹಳೆಯದು ನಿಲ್ಲಿಸಿ" ಅನ್ನೋ ಸಾಲು ಕಾಣ್ತೈತಿ, ಎಲ್ಲದರಾಗೂ ಇಲ್ಲ.

ಯಾರ್ಡಿನಾಗ ಗುಳಗಿ ಬಿಟ್ಟಿದ್ದ ಇಬ್ರ ಹತ್ರ ದಿವಾನಜಿಯವರು ತಾವೇ ಹೋಗಿ ಎರಡೂ ರಿಪೋರ್ಟ್ ತೋರಿಸಿದ್ರು. ಬೈಪಾಸ್ ಆದವರು ಮತ್ತ ಶುರು ಮಾಡಿದ್ರು, ಇನ್ನೊಬ್ರು ಇನ್ನೂ ಒಪ್ಪಿಲ್ಲ.

ಕಳೆದ ಸಲ ಹೋದಾಗ ಡಾಕ್ಟ್ರು 72 ಇನ್ನೂ ಸ್ವಲ್ಪ ಇಳಿಬೇಕು, ಇಜೆಟಿಮೈಬ್ ಅಂತ ಕೊಲೆಸ್ಟ್ರಾಲ್ ಇಳಿಸೋ ಇನ್ನೊಂದು ಗುಳಗಿ ಸೇರಿಸೂಣೇನು ಅಂದ್ರು. "ನೂರರಾಗ ಎಷ್ಟು?" ಅಂದ್ರು ದಿವಾನಜಿಯವರು. 2015ರಾಗ ಬಂದ ಪರೀಕ್ಷಿ, 18,144 ಮಂದಿ, ಏಳು ವರ್ಷದ ಲೆಕ್ಕ, ಸ್ಟಾಟಿನ್ ಒಂದೇ ತಗೊಂಡವರಾಗ ನೂರಕ್ಕ 34.7 ಮಂದಿಗೆ ತೊಂದರಿ, ಎರಡೂ ತಗೊಂಡವರಾಗ 32.7. ಎರಡು ಮಂದಿ. ಅದನ್ನ ಪುಸ್ತಕದಾಗ ಬರ್ಕೊಂಡು, ಮನ್ಯಾಗ ಕೇಳಿ ಮುಂದಿನ ತಿಂಗಳು ಹೇಳ್ತೀನ್ರಿ ಅಂತ ಬಂದಾರ.